ರಾಜ, ರಾಣಿ ಮತ್ತು ನಡುವಿನವರು

ಗೇರುಸೊಪ್ಪೆಯವರು ಹೊರಗೆಲ್ಲಾದರೂ ಊರ ಹೆಸರು ಹೇಳಿದರೆ ಎದುರಿನವರು ಕೇಳುವ ಮೊದಲ ಪ್ರಶ್ನೆ, ‘ಜಲಪಾತ ನಿಮ್ಮ ಮನೆಗೆಷ್ಟು ದೂರ?’ ಹಳೆಯ ಭೂಗೋಳದ ಪುಸ್ತಕ ಓದಿದವರು ಅದನ್ನೂ ಕೇಳುವುದಿಲ್ಲ. ನಾವು ಹಿತ್ತಿಲಲ್ಲಿ ನಿಂತು ಹಲ್ಲುಜ್ಜುವಾಗ ಜಲಪಾತದ ತುಂತುರು ಮೋರೆಗೆ ಬೀಳುತ್ತದೆ ಎಂದೇ ನಂಬಿರುತ್ತಾರೆ. ಇದೆಲ್ಲ ಬ್ರಿಟಿಷರ ಕೃಪೆ. ಹೊನ್ನಾವರದಿಂದ ಹೊಳೆಗುಂಟ ದೋಣಿಯಲ್ಲಿ ಬಂದ ಸಾಹೇಬರು ನಮ್ಮೂರಲ್ಲಿ ಇಳಿದು ಘಟ್ಟ ಹತ್ತಿ ಜೋಗ ನೋಡಿದರು. ನೋಡಿದ ಮೇಲೆ ಅದಕ್ಕೆ ‘ಗೇರುಸೊಪ್ಪ ಫಾಲ್ಸ್’ ಎಂದು ಹೆಸರಿಟ್ಟು, ನಕಾಶೆಯಲ್ಲಿ ಅಚ್ಚು ಹಾಕಿಸಿ, ಹಡಗು ಹತ್ತಿ ಹೋದರು. ಹೆಸರು ನಮ್ಮದು, ಸಂಸಾರ ಮಾತ್ರ ಸಾಗರ ತಾಲೂಕಿನವರ ಜೊತೆ. ಮಾಲೇಮನೆ ಘಟ್ಟದ ತಿರುವುಗಳಲ್ಲಿ ತಲೆ ತಿರುಗಿಸಿಕೊಂಡು, ನಿಂಬೆಹಣ್ಣು ಮೂಸುತ್ತ ಅಲ್ಲಿಗೆ ಹೋಗಿ ನಿಂತರೆ ನಮ್ಮನ್ನು ಗುರುತು ಹಿಡಿಯುವವರು ಯಾರೂ ಇರುವುದಿಲ್ಲ.

ಆ ಜಲಪಾತದ ಒಳಸಂಸಾರವೂ ಅಷ್ಟಕ್ಕಷ್ಟೇ. ಎಲ್ಲರೂ ಒಂದೇ ಉಸಿರಿಗೆ ‘ರಾಜ-ರಾಣಿ’ ಎನ್ನುತ್ತಾರೆ. ಹೋಗಿ ನೋಡಿದರೆ ಸಾಲು ಬೇರೆಯೇ ಇದೆ: ರಾಜ, ರೋರರ್, ರಾಕೆಟ್, ರಾಣಿ. ಗಂಡಹೆಂಡಿರ ನಡುವೆ ಇಬ್ಬರು. ರಾಜ 830 ಅಡಿ ಎತ್ತರದಿಂದ ಯಾರನ್ನೂ ಕೇಳದೆ ನೆಟ್ಟಗೆ ಹಾರುತ್ತಾನೆ. ಪಕ್ಕದ ರೋರರ್ ಅರ್ಧ ದಾರಿಯವರೆಗೆ ತನ್ನ ಪಾಡಿಗೆ ಬೊಬ್ಬೆ ಹೊಡೆಯುತ್ತ ಇಳಿದು, ಅಲ್ಲಿಂದ ಸೀದಾ ರಾಜನ ಮೈಮೇಲೆ ಬೀಳುತ್ತದೆ. ರಾಣಿ ಆಚೆ ತುದಿಯಲ್ಲಿ ಬಂಡೆಗೆ ಮೈ ತಾಗಿಸಿಕೊಂಡು, ಇದ್ಯಾವುದೂ ಕಾಣದವಳ ಹಾಗೆ ನಿಧಾನ ಇಳಿಯುತ್ತಾಳೆ. ಹಿಂದೆ ರಾಜನ ಕಡೆಯ ದಡ ಮುಂಬೈ ಪ್ರಾಂತಕ್ಕೂ ರಾಣಿಯ ಕಡೆಯದು ಮೈಸೂರು ಸಂಸ್ಥಾನಕ್ಕೂ ಸೇರಿತ್ತು. ಎರಡೂ ದಡಕ್ಕೆ ಒಂದೊಂದು ಬಂಗ್ಲೆ, ಒಂದೊಂದು ಸರ್ಕಾರ. 1956ರಲ್ಲಿ ರಾಜ್ಯ ಒಂದಾಗಿ ಇಬ್ಬರೂ ಒಂದೇ ಮನೆಗೆ ಬಂದರು ಎನ್ನುವಷ್ಟರಲ್ಲಿ, 1964ಕ್ಕೆ ಲಿಂಗನಮಕ್ಕಿಯಲ್ಲಿ ಕಟ್ಟೆ ಕಟ್ಟಿ ನೀರನ್ನೇ ನಿಲ್ಲಿಸಿದರು.

ಗಂಡಹೆಂಡಿರ ನಡುವೆ ಬಂದವರನ್ನು ಹೀಗೆ ಜಲಪಾತದಲ್ಲೂ ಹುಡುಕುವ ಕೆಟ್ಟ ಚಾಳಿ ನನಗೆ ಅಂಟಿದ್ದು ದೊಡ್ಡತ್ತೆಯಿಂದ, ಮತ್ತು ಟಿಎನ್‌ಟಿ ಎಂಬ ಚಾನೆಲ್ಲಿನಿಂದ.

1995ರಲ್ಲಿ ಕಾರ್ಟೂನ್ ನೆಟ್‌ವರ್ಕ್ ನಮ್ಮ ದೇಶಕ್ಕೆ ಬಂದಾಗ ಅದು ಇಡೀ ದಿನದ ಚಾನೆಲ್ ಆಗಿರಲಿಲ್ಲ. ಹಗಲೆಲ್ಲ ಬೆಕ್ಕು, ಇಲಿ, ಮೊಲ. ರಾತ್ರಿ ಒಂಬತ್ತಾಯಿತೆಂದರೆ ಅದೇ ಜಾಗದಲ್ಲಿ ಟಿಎನ್‌ಟಿ ಹಾಜರಾಗಿ, ಹಾಲಿವುಡ್ಡಿನ ಹಳೆಯ ಕಪ್ಪುಬಿಳುಪು ಚಿತ್ರಗಳನ್ನು ಹಾಕುತ್ತಿತ್ತು. ಅಡಿಕೆಗೆ ಒಳ್ಳೆಯ ಧಾರಣೆ ಬಂದಿದ್ದೊಂದು ವರ್ಷ ಅಪ್ಪ ಅಂಗಳದ ಮೂಲೆಯಲ್ಲಿ ಡಿಶ್ ಕೂರಿಸಿದ್ದರು. ಅಡಿಕೆ ಒಣಗಿಸುವ ಜಾಗ ಹೋಯಿತೆಂದು ಆಯಿ ಗೊಣಗಿದಳು. ಅದರ ಮೇಲೆ ಎರಡು ಕಾಗೆಗಳು ಕಾಯಂ ಆಗಿ ಕೂತುಬಿಟ್ಟವು. ಕಾಗೆ ಹಾರಿದಾಗೆಲ್ಲ ಚಿತ್ರ ನಡುಗುತ್ತಿತ್ತು. ಮಕ್ಕಳು ಟಾಮು-ಜೆರ್ರಿ ನೋಡಿ ನಗುತ್ತಿರುವಾಗಲೇ ಗಡಿಯಾರ ಒಂಬತ್ತು ಹೊಡೆದು, ಕೋಟು ಹ್ಯಾಟು ಹಾಕಿದ ಗಂಡಸರೂ ಕಣ್ಣಲ್ಲಿ ನೀರು ತುಂಬಿಕೊಂಡ ಹೆಂಗಸರೂ ಬಂದುಬಿಡುವರು. ಮಕ್ಕಳೆಲ್ಲ ‘ಛೇ’ ಎಂದು ಎದ್ದು ಮಲಗಲು ಹೋಗುವ ಆ ಗಳಿಗೆಗೆ ಸರಿಯಾಗಿ, ದೀಪದ ಬತ್ತಿ ಹೊಸೆಯುವ ಹತ್ತಿಯ ಬುಟ್ಟಿ ಹಿಡಿದುಕೊಂಡು ದೊಡ್ಡತ್ತೆ ಜಗಲಿಗೆ ಬರುವಳು.

ದೊಡ್ಡತ್ತೆ ಎಂದರೆ ಅಪ್ಪನ ಅಕ್ಕ. ಘಟ್ಟದ ಮೇಲಿನ ಊರಿಗೆ ಮದುವೆ ಮಾಡಿ ಕೊಟ್ಟಿದ್ದರಂತೆ. ನನಗೆ ತಿಳಿವಳಿಕೆ ಬರುವ ಮೊದಲೇ ವಾಪಸು ಬಂದು ನಮ್ಮಲ್ಲೇ ಇದ್ದಳು. ಯಾಕೆ ಬಂದಳೆಂದು ಯಾರೂ ಹೇಳುತ್ತಿರಲಿಲ್ಲ, ಹಾಗಾಗಿ ಎಲ್ಲರಿಗೂ ಗೊತ್ತಿತ್ತು. ಅವಳಿಗೆ ಇಂಗ್ಲಿಷು ಒಂದಕ್ಷರ ಬಾರದು. ಆದರೆ ಇಡಗುಂಜಿ ಮೇಳ, ಆ ಮೇಳ, ಈ ಮೇಳ ಎಂದು ರಾತ್ರಿಯಿಡೀ ಗದ್ದೆಬಯಲಲ್ಲಿ ಕೂತು ಆಟ ನೋಡಿದವಳಿಗೆ ಭಾಷೆ ದೊಡ್ಡ ತೊಡಕೇನೂ ಆಗಿರಲಿಲ್ಲ. ವೇಷ ರಂಗಕ್ಕೆ ಬಂದು ನಿಂತ ಗತ್ತಿನಲ್ಲೇ ಇದು ಉಳಿಯುವ ಪಾತ್ರವೋ, ಬೆಳಗಾಗುವುದರೊಳಗೆ ಅಳಿಯುವ ಪಾತ್ರವೋ ಎಂದು ಹೇಳಬಲ್ಲ ಹೆಂಗಸು.

ಹಾಗೆ ಒಂದು ರಾತ್ರಿ ‘ನೌ, ವಾಯೇಜರ್’ ಬಂತು. 1942ರ ಚಿತ್ರ, ಬೆಟಿ ಡೇವಿಸ್ ನಾಯಕಿ. ಬಾಸ್ಟನ್ನಿನ ಸಿರಿವಂತ ಮನೆಯ ಕೊನೆಯ ಮಗಳು, ಮದುವೆಯಾಗದವಳು. ತಾಯಿಯ ದರಬಾರಿನಲ್ಲಿ ಬಾಡಿ ಹುಚ್ಚು ಹಿಡಿಯುವ ಹಂತಕ್ಕೆ ಬಂದಿರುತ್ತಾಳೆ. ಕ್ಲಾಡ್ ರೇನ್ಸ್ ಎಂಬ ನಟ ಮಾಡಿದ ಡಾಕ್ಟರ್ ಪಾತ್ರ ಅವಳನ್ನು ಬಿಡಿಸಿಕೊಂಡು ಹೋಗಿ ಗುಣ ಮಾಡುತ್ತದೆ. ಆಮೇಲೆ ದಕ್ಷಿಣ ಅಮೆರಿಕದ ಹಡಗು ಹತ್ತುತ್ತಾಳೆ. ಹಡಗಿನಲ್ಲಿ ಸಿಗುವವನು ಪಾಲ್ ಹೆನ್ರೀಡ್. ಪಾತ್ರದ ಹೆಸರು ಜೆರ್ರಿ! ಒಂಬತ್ತು ಗಂಟೆಗೆ ಒಬ್ಬ ಜೆರ್ರಿ ಬಿಲ ಸೇರಿದ ಮೇಲೆ ಇನ್ನೊಬ್ಬ ಜೆರ್ರಿ ಸೂಟು ಹಾಕಿಕೊಂಡು ಹಡಗಿನ ಕಟಕಟೆಗೆ ಒರಗಿ ನಿಂತಿದ್ದ. ಅವನಿಗೆ ಮದುವೆಯಾಗಿದೆ, ಸುಖವಿಲ್ಲ, ಹೆಣ್ಣುಮಕ್ಕಳಿದ್ದಾರೆ, ಬಿಡುವ ಹಾಗಿಲ್ಲ.

ಇದನ್ನು ನಾನು ಕಾಲೇಜಿನ ಹುಡುಗನ ಠೀವಿಯಲ್ಲಿ ಅನುವಾದಿಸಿ ಹೇಳುವ ಮೊದಲೇ ದೊಡ್ಡತ್ತೆ ಹತ್ತಿಯಿಂದ ಕಣ್ಣೆತ್ತದೆ, ‘ಇವ ಲಗ್ನ ಆದವ’ ಎಂದಳು.

‘ನಿಂಗೆ ಹ್ಯಾಂಗೆ ಗೊತ್ತಾತು ಅತ್ತೆ?’

‘ಮನೆ ಬಿಟ್ಟು ಬಂದ ಗಂಡಸ್ರ ನಗೆ ಯಂಗೆ ಗೊತ್ತಿದ್ದು ತಮಾ.’

ಸ್ವಲ್ಪ ಹೊತ್ತಿಗೆ ಆ ಚಿತ್ರದ ಜಗತ್ಪ್ರಸಿದ್ಧ ಸನ್ನಿವೇಶ ಬಂತು. ಹೆನ್ರೀಡ್ ಎರಡು ಸಿಗರೇಟನ್ನು ಒಟ್ಟಿಗೆ ತನ್ನ ಬಾಯಲ್ಲಿಟ್ಟು ಹಚ್ಚಿ, ಒಂದನ್ನು ತೆಗೆದು ಅವಳ ಕೈಗೆ ಕೊಡುತ್ತಾನೆ. ಅಮೆರಿಕದಲ್ಲಿ ಆ ಕಾಲದ ಪ್ರೇಮಿಗಳೆಲ್ಲ ಇದನ್ನು ಕಲಿಯಲು ಹೋಗಿ ತುಟಿ ಸುಟ್ಟುಕೊಂಡಿರಬೇಕು. ನಮ್ಮ ಜಗಲಿಯಲ್ಲಿ ಮಾತ್ರ ಬೇರೆಯೇ ಗಲಾಟೆ ಎದ್ದಿತು. ಅಷ್ಟು ಹೊತ್ತು ಕವಳ ಜಗಿಯುತ್ತ ಆರಾಮಕುರ್ಚಿಯಲ್ಲಿ ತೂಕಡಿಸುತ್ತಿದ್ದ ಅಪ್ಪ ಧಡಕ್ಕನೆ ಎದ್ದು ಕೂತು, ‘ಥೋ, ಎಂಜಲು!’ ಎಂದರು. ಪರಸ್ತ್ರೀ, ಪರಪುರುಷ, ಹೆಂಡತಿಗೆ ದ್ರೋಹ, ಇದಾವುದೂ ಅವರ ನಿದ್ದೆ ಕೆಡಿಸಿರಲಿಲ್ಲ. ಬಾಯಿಯ ಸಿಗರೇಟು ಇನ್ನೊಂದು ಬಾಯಿಗೆ ಹೋದದ್ದು ಕೆಡಿಸಿತು. ನಮ್ಮ ಮನೆಯಲ್ಲಿ ಪಾಪಗಳಿಗೊಂದು ಮೇಲುಕೀಳಿನ ಕ್ರಮ ಇತ್ತು, ಎಂಜಲು ಅದರಲ್ಲಿ ಬಹಳ ಮೇಲೆ.

ದೊಡ್ಡತ್ತೆಯ ತಕರಾರು ಎರಡೂ ಅಲ್ಲ. ಚಿತ್ರ ಮುಗಿಯುತ್ತ ಬಂದಿತ್ತು. ಪ್ರೇಮಿಗಳಿಬ್ಬರೂ ಒಂದಾಗದೆ, ಅವನ ಕಿರಿಯ ಮಗಳನ್ನು ಅವಳು ಸಾಕುವುದೆಂಬ ಒಪ್ಪಂದಕ್ಕೆ ಬಂದು, ಮತ್ತೆ ಎರಡು ಸಿಗರೇಟು ಹಚ್ಚಿ, ಕಿಟಕಿಯಾಚೆಯ ನಕ್ಷತ್ರ ನೋಡುತ್ತ ನಿಂತಿದ್ದರು. ಮ್ಯಾಕ್ಸ್ ಸ್ಟೈನರ್ ಆ ಚಿತ್ರದ ಸಂಗೀತಕ್ಕೆ ಆಸ್ಕರ್ ತೆಗೆದುಕೊಂಡವನು, ಪಿಟೀಲುಗಳನ್ನೆಲ್ಲ ಒಟ್ಟಿಗೆ ಅಳಿಸುತ್ತಿದ್ದ. ನನ್ನ ಗಂಟಲೂ ಕಟ್ಟಿತ್ತು. ದೊಡ್ಡತ್ತೆ ಬತ್ತಿಗಳನ್ನು ಎಣಿಸಿ ಕಟ್ಟುತ್ತ ಕೇಳಿದಳು: ‘ಹೆಂಡ್ತಿ ಸಮಾ ಇಲ್ಲೆ ಹೇಳಿ ಇವ ಹೇಳ್ದ, ಇದು ನಂಬ್ತು. ಆ ಹೆಂಡ್ತಿ ಎಲ್ಲಿದ್ದು? ಒಂದ್ಸಲನೂ ತೋರ್ಸಿದ್ದೇ ಇಲ್ಲೆ.’

ನಿಜ. ಇಸೊಬೆಲ್ ಎಂಬ ಆ ಹೆಂಡತಿ ಚಿತ್ರದುದ್ದಕ್ಕೂ ತೆರೆಯ ಮೇಲೆ ಬರುವುದೇ ಇಲ್ಲ. ಬೇರೆಯವರ ಬಾಯಲ್ಲಿ ಬರುತ್ತಾಳೆ. ರೋಗಿಷ್ಠೆ, ಕೊಂಕು ಬುದ್ಧಿಯವಳು, ಮಗಳನ್ನು ಕಂಡರಾಗದವಳು. ಆಮೇಲೆ ನಾನು ಓದಿದ ವಿಮರ್ಶಕರು ಬೆಟಿ ಡೇವಿಸಳ ಕಣ್ಣಿನ ಮೇಲೂ ಹ್ಯಾಟಿನ ಮೇಲೂ ಪುಟಗಟ್ಟಲೆ ಬರೆದಿದ್ದರು. ಬಾಸ್ಟನ್ನು ಎಲ್ಲಿದೆಯೆಂದು ಗೊತ್ತಿಲ್ಲದ ಹೆಂಗಸು ಗೇರುಸೊಪ್ಪೆಯ ಜಗಲಿಯಲ್ಲಿ ಕೂತು ಗೈರುಹಾಜರಿ ಹಾಕಿದ್ದಳು.

ಪ್ರೇಮಿಗಳು ಯಾಕೆ ಒಂದಾಗಲಿಲ್ಲ ಎಂಬುದಕ್ಕೆ ನಕ್ಷತ್ರ, ತ್ಯಾಗ ಇತ್ಯಾದಿ ಕಾರಣಗಳ ಹಿಂದೆ ಒಂದು ಆಫೀಸು ಇತ್ತು. 1930ರಲ್ಲಿ ಹಾಲಿವುಡ್ ಒಂದು ನೀತಿಸಂಹಿತೆ ಬರೆದುಕೊಂಡಿತು, 1934ರಿಂದ ಬಿಗಿಯಾಗಿ ಜಾರಿಗೂ ತಂದಿತು. ಜೋಸೆಫ್ ಬ್ರೀನ್ ಎಂಬಾತ ಅದರ ಮೇಲ್ವಿಚಾರಕ. ಚಿತ್ರಕಥೆಗಳನ್ನು ಮೊದಲೇ ತರಿಸಿಕೊಂಡು ಓದಿ ಗೀಟು ಹಾಕುವುದು ಅವನ ಉದ್ಯೋಗ. ಮದುವೆಯಾಚೆಯ ಪ್ರೇಮವನ್ನು ತೋರಿಸಬಹುದು, ಆದರೆ ಅದು ಸರಿ ಎನ್ನಿಸಬಾರದು, ಚಂದ ಎಂದೂ ಅನ್ನಿಸಬಾರದು. ಹಾಗಾಗಿ 1968ರಲ್ಲಿ ಆ ಸಂಹಿತೆಯನ್ನು ಕೈಬಿಡುವವರೆಗೆ ಅಲ್ಲಿಯ ಪ್ರೇಮಿಗಳಿಗೆ ರೈಲಿನ ಗಾಲಿ, ಕ್ಷಯ, ಹಡಗುಕಟ್ಟೆಯ ವಿದಾಯ, ಇಂಥ ಕೆಲವೇ ಆಯ್ಕೆಗಳಿದ್ದವು. 1935ರಲ್ಲಿ ಗ್ರೇಟಾ ಗಾರ್ಬೊ ಅನ್ನಾ ಕರೆನಿನಾ ಆಗಿ ರೈಲನ್ನೇ ಆರಿಸಿಕೊಂಡಳು. ಅದಕ್ಕೆ ಟಾಲ್‌ಸ್ಟಾಯ್ ಮೊದಲೇ ಟಿಕೆಟು ತೆಗೆದಿಟ್ಟಿದ್ದ, ಬ್ರೀನ್ ಸಾಹೇಬನಿಗೆ ಕೆಲಸ ಕಡಿಮೆಯಾಯಿತು. ಒಟ್ಟಿನಲ್ಲಿ ಪ್ರೇಕ್ಷಕರು ಮುಕ್ಕಾಲು ಪಾಲು ಹೊತ್ತು ತಪ್ಪನ್ನು ಕಣ್ತುಂಬ ನೋಡಬಹುದು, ಕೊನೆಯ ಹತ್ತು ನಿಮಿಷ ಅದಕ್ಕೆ ದಂಡ ಕಟ್ಟಬೇಕು. ನಮ್ಮ ಕಡೆಯ ಕೀಚಕವಧೆಯ ಹಿಶೇಬೂ ಇದೇ. ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಕೀಚಕ ಸೈರಂಧ್ರಿಯನ್ನು ಕಂಡು ಕುಣಿಯುವುದನ್ನು ನೋಡಲು ಮೈಲುಗಟ್ಟಲೆ ನಡೆದು ಬಂದ ಜನ, ಭೀಮ ಅವನನ್ನು ಮುದ್ದೆ ಮಾಡುವ ಹೊತ್ತಿಗೆ ಕಂಬಳಿ ಮಡಚುತ್ತಿದ್ದರು. ಮೊದಲ ಬಸ್ಸಿಗೆ ಹೊತ್ತಾಗುತ್ತಿತ್ತು.

ಬ್ರೀನನ ಆಫೀಸು ತೆರೆಯುವುದಕ್ಕೆ ಮೂರು ಶತಮಾನಕ್ಕೂ ಮೊದಲು ಇದೇ ಮಾದರಿಯ ಕಥೆಯೊಂದು ನಮ್ಮೂರಿನ ಹೆಸರಲ್ಲೇ ಬರೆಯಲ್ಪಟ್ಟಿತ್ತು ಎಂಬುದು ನನಗೆ ತಿಳಿದದ್ದು ಬಹಳ ತಡವಾಗಿ. ಬರೆದವನು ರೋಮಿನ ಪಿಯೆತ್ರೊ ದೆಲ್ಲಾ ವಾಲ್ಲೆ. 1623ರಲ್ಲಿ ಪೋರ್ಚುಗೀಸ್ ರಾಯಭಾರಿಯ ಜೊತೆ ಇಕ್ಕೇರಿಗೆ ಹೊರಟವನು ಹೊನ್ನಾವರದಿಂದ ಶರಾವತಿಯ ಮೇಲೆ ದೋಣಿಯಲ್ಲಿ ಗೇರುಸೊಪ್ಪೆಗೆ ಬಂದ. ಹೊಳೆಯ ಚಂದವನ್ನು ಮನಸಾರೆ ಹೊಗಳಿದ. ಆಮೇಲೆ ಊರನ್ನು ನೋಡಿದ, ಊರು ಇರಲಿಲ್ಲ. ಅರಮನೆಯಿದ್ದ ಕಡೆ ಮರಗಳು ಬೆಳೆದಿದ್ದವು, ರೈತರ ನಾಲ್ಕು ಗುಡಿಸಲುಗಳಿದ್ದವು. ಯಾಕೆ ಹೀಗಾಯಿತೆಂದು ವಿಚಾರಿಸಿದಾಗ ಸಿಕ್ಕ ಕಥೆಯನ್ನು ಪತ್ರದಲ್ಲಿ ಬರೆದಿಟ್ಟ. ಹಾಕ್ಲೂಯ್ಟ್ ಸೊಸೈಟಿ 1892ರಲ್ಲಿ ಅದರ ಇಂಗ್ಲಿಷ್ ಅನುವಾದವನ್ನು ಮತ್ತೆ ಅಚ್ಚು ಹಾಕಿದ್ದರಿಂದ ನಮ್ಮಂಥವರ ಕೈಗೂ ಬಂತು.

ಅವನು ಕೇಳಿದ್ದು ಇಷ್ಟು. ಗೇರುಸೊಪ್ಪೆಯ ಕೊನೆಯ ರಾಣಿ, ಪೋರ್ಚುಗೀಸರು ಕಾಳುಮೆಣಸಿನ ರಾಣಿ ಎಂದು ಕರೆಯುತ್ತಿದ್ದವಳು, ಹೊರಗಿನಿಂದ ಬಂದ ಒಬ್ಬ ಕೆಳಕುಲದವನಲ್ಲಿ ಮನಸ್ಸಿಟ್ಟಳು. ತನ್ನನ್ನೂ ರಾಜ್ಯವನ್ನೂ ಅವನ ಕೈಗೆ ಕೊಟ್ಟಳು. ಇಲ್ಲಿ ದೆಲ್ಲಾ ವಾಲ್ಲೆ ಒಂದು ಸೊಗಸಾದ ಮಾತು ಸೇರಿಸುತ್ತಾನೆ: ರಾಣಿ ಪ್ರಿಯಕರನನ್ನು ಇಟ್ಟುಕೊಂಡದ್ದಕ್ಕೆ ಜನ ಸಿಟ್ಟಾಗಲಿಲ್ಲವಂತೆ. ಈ ಸೀಮೆಯಲ್ಲಿ ರಾಣಿಯರು ತಮಗೆ ಬೇಕಾದವರನ್ನು, ಒಬ್ಬರೋ ಹೆಚ್ಚೋ, ಆರಿಸಿಕೊಳ್ಳುವುದು ರೂಢಿಯೇ. ಸಿಟ್ಟಾದದ್ದು ಅವನ ಕುಲಕ್ಕೆ. ಅಪ್ಪನ ಎಂಜಲಿನ ಹಾಗೆ ಇಲ್ಲೂ ಪಾಪಗಳಿಗೊಂದು ಮೇಲುಕೀಳು. ಅವನಾದರೋ ಉಪಕಾರ ನೆನೆಯಲಿಲ್ಲ. ರಾಣಿಯ ಸರದಾರರನ್ನು ಒಳಗೆ ಹಾಕಿಕೊಂಡು ತಿರುಗಿಬಿದ್ದ. ರಾಣಿ ಪೋರ್ಚುಗೀಸರಿಗೆ ಹೇಳಿ ಕಳಿಸಿದಳು. ಅವರು ತಡವಾಗಿ, ಅರೆಮನಸ್ಸಿನಿಂದ ಬಂದರು. ಅವನು ಇಕ್ಕೇರಿಯ ವೆಂಕಟಪ್ಪ ನಾಯಕನನ್ನು ಕರೆದ. ಆತ ಪೂರ್ತಿ ಮನಸ್ಸಿನಿಂದ ಬಂದ. ಬಂದವನು ಪೋರ್ಚುಗೀಸರನ್ನು ಓಡಿಸಿದ, ಕರೆದವನನ್ನೇ ಕೊಲ್ಲಿಸಿದ, ರಾಣಿಯನ್ನು ಮರ್ಯಾದೆಯ ಸೆರೆಯಲ್ಲಿಟ್ಟ, ಊರನ್ನು ಕೆಡವಿಸಿದ. ರಾಣಿ ಸೆರೆಯಲ್ಲೇ ತೀರಿಕೊಂಡಳು. ಊರಿನ ಮೇಲೆ ಕಾಡು ಬೆಳೆಯಿತು. ಬ್ರೀನನಿಗೆ ಈ ಚಿತ್ರಕಥೆ ಕಳಿಸಿದ್ದರೆ ಒಂದು ಗೀಟೂ ಬೀಳುತ್ತಿರಲಿಲ್ಲ.

ಆ ರಾಣಿಯನ್ನು ನಾವು ಚೆನ್ನಭೈರಾದೇವಿ ಎಂದೇ ಗುರುತಿಸುವುದು. ಐವತ್ತನಾಲ್ಕು ವರ್ಷ ಆಳಿದಳು, ಪೋರ್ಚುಗೀಸರನ್ನು ಕಾಡಿದಳು, ಮೆಣಸಿನ ವ್ಯಾಪಾರವನ್ನು ಮುಷ್ಟಿಯಲ್ಲಿ ಹಿಡಿದಿದ್ದಳು ಎಂದು ಶಾಲೆಯ ಮಕ್ಕಳೂ ಭಾಷಣ ಮಾಡುತ್ತಾರೆ. ನಾನೂ ಒಮ್ಮೆ ಅಂಥದೊಂದು ಸಭೆಯಲ್ಲಿ ಮಾತಾಡಿದೆ. ದೆಲ್ಲಾ ವಾಲ್ಲೆಯ ಕಥೆಯನ್ನು, ಅವನು ಹೊರಗಿನವನು, ಕೇಳಿದ್ದನ್ನು ಬರೆದವನು, ಗೆದ್ದವರ ಜೊತೆ ಮಾತುಕತೆಗೆ ಹೊರಟವನು ಎಂಬ ಎಚ್ಚರಿಕೆಯನ್ನೆಲ್ಲ ಸೇರಿಸಿಯೇ ಹೇಳಿದೆ. ಸಭೆ ಗಂಭೀರವಾಗಿ ಕೇಳಿತು. ಆಮೇಲೆ ಅವಲಕ್ಕಿ ಪ್ಲೇಟು ಹಿಡಿದುಕೊಂಡು ಹಿರಿಯರೊಬ್ಬರು ಬಳಿಗೆ ಬಂದು, ‘ಮಾತು ಚೊಲೋ ಆತು. ಅದೊಂದು ವಿಷಯ ಬಿಟ್ಟಿದ್ರೆ ಇನ್ನೂ ಚೊಲೋ ಆಗ್ತಿತ್ತು’ ಎಂದರು. ಯಾವುದೊಂದು ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ರಾಣಿಯ ಖಡ್ಗ ಬೇಕು, ಮೆಣಸು ಬೇಕು, ಕೋಟೆ ಬೇಕು. ಸಂಜೆ ಹೊತ್ತು ಹೊಳೆಯ ಕಡೆ ಕಿಟಕಿ ತೆರೆದು ಅವಳು ಯಾರನ್ನೋ ಕಾದಿರಬಹುದು ಎಂಬುದು ಬೇಡ.

ನನಗೋ ಅದೇ ಬೇಕು. ಅದಕ್ಕೂ ಒಂದು ಲೆಕ್ಕ ಇದೆ. 1552ರಲ್ಲಿ ಪಟ್ಟಕ್ಕೆ ಬಂದು 1606ರ ತನಕ ಆಳಿದವಳು, ಹದಿನಾರಕ್ಕೇ ಪಟ್ಟವಾಗಿತ್ತೆಂದು ಹಿಡಿದರೂ, ಕೊನೆಗಾಲಕ್ಕೆ ಎಪ್ಪತ್ತು ಮುಟ್ಟಿದವಳು. ಈ ಪ್ರೇಮ ನಡೆದದ್ದು ಆ ಕೊನೆಗಾಲದಲ್ಲೇ ಆಗಿದ್ದರೆ? ಮಂಡಿನೋವಿನ ವಯಸ್ಸು, ಕಣ್ಣಿಗೆ ಪೊರೆ, ಅರ್ಧ ಶತಮಾನದ ರಾಜ್ಯಭಾರ ಮುಗಿಸಿದ ದಣಿವು. ಅಷ್ಟೊತ್ತಿಗೆ ಯಾರೋ ಒಬ್ಬ ಬಂದು, ಮೆಣಸಿನ ಧಾರಣೆ ಕೇಳದೆ, ಪೋರ್ಚುಗೀಸರ ಸುದ್ದಿ ಎತ್ತದೆ, ‘ಊಟ ಆಯಿತೇ?’ ಎಂದು ಕೇಳಿರಬೇಕು. ಅಷ್ಟಕ್ಕೇ ರಾಜ್ಯ ಕೊಟ್ಟಿದ್ದರೂ ನಾನು ತಪ್ಪು ಹೇಳುವವನಲ್ಲ. ಹಾಲಿವುಡ್ ಮಾತ್ರ ಇಂಥದ್ದನ್ನು ಮುಟ್ಟುತ್ತಿರಲಿಲ್ಲ. ಎಪ್ಪತ್ತರ ನಾಯಕಿ ಅವರಲ್ಲಿ ಮಹಾ ಎಂದರೆ ಬೆಟಿ ಡೇವಿಸಳ ತಾಯಿಯಾಗಿ ಮಗಳನ್ನು ಗೋಳು ಹೊಯ್ದುಕೊಳ್ಳಬಹುದು.

ಇನ್ನು ಬರೆದ ಆಸಾಮಿಯೇ ದೊಡ್ಡ ಸಿನೆಮಾ. ಪ್ರೇಮಭಂಗವಾಗಿ ಊರು ಬಿಟ್ಟು 1614ರಲ್ಲಿ ವೆನಿಸ್ಸಿನಿಂದ ಹಡಗು ಹತ್ತಿದವನು. ಬಾಗ್ದಾದಿನಲ್ಲಿ ಮಾನಿ ಎಂಬ ಹುಡುಗಿಯನ್ನು ಮದುವೆಯಾದ. 1621ರ ಕೊನೆಯಲ್ಲಿ ಪರ್ಶಿಯಾದ ಕರಾವಳಿಯಲ್ಲಿ ಅವಳು ಸತ್ತಳು. ಹೂಳಲಿಲ್ಲ. ಕರ್ಪೂರ ತುಂಬಿ, ಪೆಟ್ಟಿಗೆಯಲ್ಲಿಟ್ಟು, ವರ್ಷಗಟ್ಟಲೆ ಊರೂರು ದಾಟಿಸಿ ರೋಮಿಗೆ ಒಯ್ದು ತನ್ನ ಮನೆತನದ ಸಮಾಧಿಯಲ್ಲೇ ಮಣ್ಣು ಮಾಡಿದ. ಮುಂದೆ, ಅವಳು ಸಾಕಿಕೊಂಡಿದ್ದ, ತನ್ನ ಜೊತೆಗೇ ಪಯಣಿಸಿದ್ದ ಜಾರ್ಜಿಯಾದ ಅನಾಥ ಹುಡುಗಿಯನ್ನು ಮದುವೆಯಾಗಿ ಹದಿನಾಲ್ಕು ಮಕ್ಕಳನ್ನು ಪಡೆದ. ಇಂಥವನು ನಮ್ಮ ರಾಣಿಯ ಆಯ್ಕೆಯ ಬಗ್ಗೆ ಷರಾ ಬರೆಯುತ್ತಾನೆ! ಅದಿರಲಿ, ಅವನದೊಂದು ಗುಣ ಮೆಚ್ಚಬೇಕು. ಇದೇ ಪ್ರಯಾಣದಲ್ಲಿ ಇಕ್ಕೇರಿಯಲ್ಲಿ ನಗಾರಿಯವನೊಬ್ಬನ ಹೆಂಡತಿ ಸಹಗಮನಕ್ಕೆ ಹೊರಟಿದ್ದಳು. ಗಂಡನಿಗೆ ಇನ್ನೊಬ್ಬ ಹೆಂಡತಿಯೂ ಇದ್ದಳು, ಅವಳು ಒಲ್ಲೆ ಎಂದಿದ್ದಳು. ದೆಲ್ಲಾ ವಾಲ್ಲೆ ಸಾಯಹೊರಟವಳ ಮನೆಗೇ ಹೋಗಿ, ಬೇಡವೆಂದು ಬುದ್ಧಿ ಹೇಳಿ, ಅವಳು ಕೇಳದಿದ್ದಾಗ ಅವಳ ಹೆಸರನ್ನು ಬರೆದುಕೊಂಡ. ಜಕ್ಕಮ್ಮ ಎಂದಿರಬೇಕು, ಇಟಲಿಯವನ ಕಿವಿಗೆ ಜಾಕ್ಕಮಾ ಎಂದು ಕೇಳಿಸಿದೆ. ನಗಾರಿಯವನ ಹೆಂಡತಿಯ ಹೆಸರು ಹೀಗೆ ಉಳಿಯಿತು. ರಾಣಿಯ ರಾಜ್ಯ ಮುಳುಗಿಸಿದ ಪ್ರಿಯಕರನ ಹೆಸರು ಎಲ್ಲೂ ಇಲ್ಲ. ಮನಸ್ಸು ಕೊಟ್ಟವಳು ಇದ್ದಾಳೆ, ಕೊಂದವನು ಇದ್ದಾನೆ, ಮಧ್ಯದವನು ಇಸೊಬೆಲ್ಲಳ ಹಾಗೆ ತೆರೆಗೆ ಬಾರದೇ ಹೋದ.

ಹೊಳೆಯಾಚೆ ನಗರಬಸ್ತಿಕೇರಿಯ ಕಾಡಿನಲ್ಲಿ ಆ ಊರಿನ ಉಳಿಕೆ ಇದೆ. ಚತುರ್ಮುಖ ಬಸದಿಗೆ ನಾಲ್ಕು ದಿಕ್ಕಿಗೂ ಬಾಗಿಲು. ಒಳಗೆ ನಾಲ್ಕು ದಿಕ್ಕಿಗೂ ಮುಖ ಮಾಡಿ ಕೂತ ತೀರ್ಥಂಕರರು. ಹತ್ತಿರದಲ್ಲೇ ಜ್ವಾಲಾಮಾಲಿನಿಯ ಗುಡಿ. ಇಷ್ಟೆಲ್ಲ ಬಸದಿಗಳಿದ್ದ ಊರಲ್ಲಿ ಜನ್ನನ ‘ಯಶೋಧರ ಚರಿತೆ’ಯ ಓಲೆಗರಿ ಯಾರ ಮನೆಯಲ್ಲಾದರೂ ಇದ್ದೇ ಇದ್ದಿರಬೇಕು ಎಂದು ನನ್ನ ಊಹೆ. 1209ರಷ್ಟು ಹಳೆಯ ಕಾವ್ಯ. ಅದರ ಅಮೃತಮತಿಯ ಸಂಸಾರದಲ್ಲಿ ಕೊರತೆ ಎಂಬುದೇ ಇಲ್ಲ; ರಾಜ ಮುದ್ದು ಮಾಡುವ ಗಂಡ. ಆದರೂ ರಾತ್ರಿಯ ಕೊನೆಯ ಜಾವದಲ್ಲಿ ಮಾವುತನೊಬ್ಬ ಹಾಡಿದ್ದು ಕೇಳಿ ಮನಸ್ಸು ಜಾರುತ್ತದೆ. ಅವನೋ ಕಣ್ಣಲ್ಲಿ ನೋಡಲಾಗದ ಕುರೂಪಿ. ತಡವಾಗಿ ಬಂದಳೆಂದು ಅವಳಿಗೆ ಹೊಡೆಯುತ್ತಾನೆ, ಅವಳು ಕ್ಷಮೆ ಕೇಳುತ್ತಾಳೆ. ಹಾಲಿವುಡ್ಡಿನವರು ಪಾಲ್ ಹೆನ್ರೀಡನಂಥ ಚೆಲುವನನ್ನು ತಂದು ನಿಲ್ಲಿಸಿ ನಾಯಕಿಯ ಕೆಲಸ ಸುಲಭ ಮಾಡಿಬಿಡುತ್ತಾರೆ. ಜನ್ನ ಅಂಥ ರಿಯಾಯಿತಿ ಕೊಡುವುದಿಲ್ಲ. ಗಿರೀಶ ಕಾರ್ನಾಡರು ‘ಹಿಟ್ಟಿನ ಹುಂಜ’ದಲ್ಲಿ ಮತ್ತೆ ಈ ಕಥೆಗೇ ಕೈ ಹಾಕಿದ್ದು ಸುಮ್ಮನೆ ಅಲ್ಲ. ಅಮೃತಮತಿಗೆ ಕೊನೆಗೆ ನರಕವಂತೂ ತಪ್ಪಲಿಲ್ಲ, ಎಷ್ಟೆಂದರೂ ಧರ್ಮಕಾವ್ಯ. ಆದರೆ ಕಾವ್ಯ ಮುಚ್ಚಿಟ್ಟ ಮೇಲೂ ಓದಿದವರ ಕಿವಿಯಲ್ಲಿ ಉಳಿಯುವುದು ಆ ಮಾವುತನ ಹಾಡು, ನರಕದ ಎಣ್ಣೆ ಕೊಪ್ಪರಿಗೆಯ ಸದ್ದಲ್ಲ.

ದೊಡ್ಡತ್ತೆಯ ಗಂಡ ಯಾವ ಹಾಡು ಕೇಳಿ ಹೋದನೋ. ಮದುವೆಯಾದ ಮೂರನೆಯ ಮಳೆಗಾಲಕ್ಕೆ, ಸಾಗರದ ಪೇಟೆಯಲ್ಲಿ ಅವನದೊಂದು ಬೇರೆ ಬಿಡಾರ ಇರುವುದು ಗೊತ್ತಾಯಿತಂತೆ. ದೊಡ್ಡತ್ತೆ ಜಗಳವಾಡಲಿಲ್ಲ, ಬಾವಿಗೆ ಹಾರಲಿಲ್ಲ. ಮಳೆ ಹೊಳವಾಗುವವರೆಗೆ ಕಾದು, ಬಸ್ಸು ಹತ್ತಿ ಘಟ್ಟ ಇಳಿದಳು. ಅಲ್ಲಿಂದ ಮುಂದೆ ಅವಳ ಕುಂಕುಮವೊಂದೇ ಅವನ ಕಡೆಯ ದಾಖಲೆ. ಅವನು ತೀರಿಕೊಂಡ ಸುದ್ದಿ ಬಂದ ದಿನ ಕುಂಕುಮ ಅಳಿಸಬೇಕೋ ಬೇಡವೋ ಎಂದು ಜಗಲಿಯಲ್ಲಿ ಗಂಡಸರು ಚರ್ಚೆ ಶುರು ಮಾಡಿದ್ದರು. ಪಂಚಾಂಗದ ಭಟ್ಟರಿಗೆ ಹೇಳಿ ಕಳಿಸುವ ಮಾತೂ ನಡೆದಿತ್ತು. ಅವಳು ಬಾವಿಕಟ್ಟೆಯಿಂದ ಮುಖ ತೊಳೆದುಕೊಂಡೇ ಬಂದು, ‘ಹಚ್ಚಿದ್ದಕ್ಕೇ ಅರ್ಥ ಇತ್ತಿಲ್ಲೆ, ಅಳ್ಸಿದ್ದಕ್ಕೆ ಎಂತ ಚರ್ಚೆ’ ಎಂದು ಒಳಗೆ ಹೋಗಿ ದೋಸೆಗೆ ಅಕ್ಕಿ ನೆನೆಹಾಕಿದಳು.

ಅದಾದ ಮುಂದಿನ ಆಷಾಢದಲ್ಲಿ, ಮಧ್ಯಾಹ್ನದ ಬಸ್ಸಿಗೆ ಒಬ್ಬ ಹೆಂಗಸು ಬಂದಳು. ಕೊಡೆ ಮಡಚಿ ತುಳಸಿಕಟ್ಟೆಗೆ ಒರಗಿಸಿ, ಅಂಗಳದಲ್ಲೇ ನಿಂತು, ಚೀಲದಿಂದ ಒಂದು ಹಿತ್ತಾಳೆಯ ಕವಳದ ಪೆಟ್ಟಿಗೆ ತೆಗೆದಳು. ‘ಇದು ನಿಮ್ಮ ತವರು ಮನೆಯದಂತೆ. ಅವರು ಹೇಳಿದ್ದರು. ನನ್ನ ಹತ್ತಿರ ಇರುವುದು ಸರಿಯಲ್ಲ’ ಎಂದಳು. ಆಯಿಗೆ ಕೈಕಾಲು ಆಡಲಿಲ್ಲ. ಅಪ್ಪ ತೋಟದಲ್ಲಿ ಏನೋ ಕೆಲಸ ನೆನಪಾಗಿ ಆ ಮಳೆಯಲ್ಲೇ ಹೊರಟರು. ದೊಡ್ಡತ್ತೆ ಪೆಟ್ಟಿಗೆಯನ್ನು ತಿರುಗಿಸಿ ನೋಡಿ, ‘ಸುಣ್ಣದ ಡಬ್ಬಿ ಎಲ್ಲಿ?’ ಎಂದಳು.

‘ಅದನ್ನು ಅವರೇ ಎಲ್ಲೋ ಕಳೆದರು.’

‘ಅಂವಂಗೆ ಅದೊಂದು ಅಭ್ಯಾಸ’ ಎಂದಳು ದೊಡ್ಡತ್ತೆ, ‘ಒಳಗೆ ಬಾ, ನೆನೀತಿದ್ದೆ.’

ಅಡಿಗೆಮನೆಯಲ್ಲಿ ಇಬ್ಬರೂ ಸಂಜೆಯವರೆಗೆ ಕೂತಿದ್ದರು. ನಮಗೆ ಒಳಗೆ ಹೋಗಲು ಅಪ್ಪಣೆ ಇರಲಿಲ್ಲ. ಹೊರಡುವ ಹೊತ್ತಿಗೆ ಮಾಲೇಮನೆ ಘಟ್ಟದಲ್ಲಿ ಮರ ಬಿದ್ದು ಬಸ್ಸು ನಿಂತಿರುವ ಸುದ್ದಿ ಬಂತು. ರಾತ್ರಿ ಇಲ್ಲೇ ಉಳಿಯಬೇಕಾಯಿತು. ಬಂದ ಹೆಂಗಸಿಗೆ ಎಲ್ಲಿ ಹಾಸಿಗೆ ಹಾಸಬೇಕು, ಯಾವ ಸಂಬಂಧದವಳೆಂದು ಎಲೆ ಹಾಕಬೇಕು ಎಂಬುದಕ್ಕೆ ಆಯಿಯ ಬಳಿ ಉತ್ತರವಿರಲಿಲ್ಲ. ಅವಳು ಅತ್ತಿತ್ತ ಓಡಾಡುತ್ತಿದ್ದರೆ, ಅವರಿಬ್ಬರೂ ಒಂಬತ್ತು ಗಂಟೆಗೆ ಟೀವಿಯ ಮುಂದೆ ಬಂದು ಕೂತರು. ನಡುವೆ ಹತ್ತಿಯ ಬುಟ್ಟಿ. ಬಂದವಳ ಕೈಗೂ ದೊಡ್ಡತ್ತೆ ಒಂದು ಹಿಡಿ ಹತ್ತಿ ಕೊಟ್ಟಳು.

ಅಂದಿನ ಚಿತ್ರ ಯಾವುದೆಂದು ಹೇಳಲಾರೆ, ನನ್ನ ಕಣ್ಣೆಲ್ಲ ಅವರ ಮೇಲಿತ್ತು. ಒಬ್ಬ ಗಂಡಸು, ಇಬ್ಬರು ಹೆಂಗಸರು, ಒಂದು ಮೆಟ್ಟಿಲುಸಾಲು ಇತ್ತು. ಮೀಸೆಯ ಗಂಡಸು ಮೆಟ್ಟಿಲ ಮೇಲೆ ನಿಂತು ಹ್ಯಾಟು ತೆಗೆದು ಏನೋ ದೊಡ್ಡ ಮಾತಾಡುವಾಗ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿ ಕಿಸಕ್ಕನೆ ನಕ್ಕರು. ಇನ್ನೇನು ಅವನು ಯಾರ ಕೈ ಹಿಡಿಯುತ್ತಾನೆ ಎನ್ನುವಷ್ಟರಲ್ಲಿ ಕರೆಂಟು ಹೋಯಿತು. ನಮ್ಮ ನೆತ್ತಿಯ ಮೇಲೆ 1,035 ಮೆಗಾವ್ಯಾಟಿನ ಶರಾವತಿ ವಿದ್ಯುದಾಗಾರ. ಅದರ ನೀರೆಲ್ಲ ನಮ್ಮ ಕಾಲಬುಡದಲ್ಲೇ ಹರಿದು ಹೋಗುತ್ತದೆ. ಒಂದು ಗಾಳಿ ಬೀಸಿತೆಂದರೆ ಚಿಮಣಿ ಹುಡುಕುವವರು ನಾವು. ಅವತ್ತು ಅದು ಬೆಳಗಿನ ತನಕ ಬರಲಿಲ್ಲ.

ಬೆಳಿಗ್ಗೆ ಮರ ಕಡಿದು ರಸ್ತೆ ಬಿಟ್ಟಿದ್ದರು. ಬಸ್‌ಸ್ಟ್ಯಾಂಡಿಗೆ ಅವಳ ಚೀಲ ಹೊರುವ ಕೆಲಸ ನನ್ನದಾಯಿತು. ಚೀಲಕ್ಕೆ ದೊಡ್ಡತ್ತೆ ಹಲಸಿನ ಹಪ್ಪಳದ ಕಟ್ಟನ್ನೂ ಮುರುಗಲು ಸಿಪ್ಪೆಯನ್ನೂ ತುಂಬಿದ್ದಳು. ಅವಳೂ ಬಂದಿದ್ದಳು, ಮಳೆಯಲ್ಲಿ ಒಂದೇ ಕೊಡೆ. ಸಾಗರದ ಬಸ್ಸು ತಿರುವಿನಲ್ಲಿ ಕಂಡಾಗ ಆ ಹೆಂಗಸು ಕೇಳಿದಳು:

‘ಅಕ್ಕಾ, ರಾತ್ರಿ ಕರೆಂಟು ಹೋಗದೆ ಇದ್ದಿದ್ದರೆ ಆ ಪಿಚ್ಚರು ಕೊನೆಗೆ ಏನಾಗ್ತಿತ್ತು?’

‘ಎಂತ ಆಗೂದು?’ ಎಂದಳು ದೊಡ್ಡತ್ತೆ. ‘ಅಂವ ಸಾಯ್ತಿದ್ದ. ಉಳಿದೋರು ಚಾ ಕುಡೀತಿದ್ರು.’

ಇಬ್ಬರಿಗೂ ನಗು ತಡೆಯಲಿಲ್ಲ. ಸೆರಗು ಬಾಯಿಗೆ ಒತ್ತಿಕೊಂಡರೂ ನಿಲ್ಲಲಿಲ್ಲ. ಬಸ್ಸು ಬಂದು ನಿಂತು, ಬಾಗಿಲು ತೆರೆದು, ಒಳಗಿನವರೆಲ್ಲ ಕಿಟಕಿಯಿಂದ ಕತ್ತು ಹಾಕಿ ನೋಡತೊಡಗಿದಾಗಲೂ ಅವಳು ಮೆಟ್ಟಿಲ ಮೇಲೆ ಒಂದು ಕಾಲಿಟ್ಟು, ದೊಡ್ಡತ್ತೆಯ ತೋಳು ಹಿಡಿದುಕೊಂಡು ನಗುತ್ತಲೇ ಇದ್ದಳು. ಕಂಡಕ್ಟರು ಸೀಟಿ ಕಚ್ಚಿಕೊಂಡೇ ಗದರಿದ:

‘ಹತ್ತೂದಾದ್ರೆ ಹತ್ರಿ ಅಮ್ಮಾ, ನಗೂದಾದ್ರೆ ಮುಂದಿನ ಬಸ್ಸಿಗೆ ಬರ್ರಿ.’